ಮಂಗಳವಿಲ್ಲದ ನಾಟಕ

ಕೆಂಚಯ್ಯ ಮೇಷ್ಟ್ರು ಪಾತ್ರ ಕೇಳಿಕೊಂಡು ಬಂದವರ ಮುಖ ನೋಡುತ್ತಿರಲಿಲ್ಲ; ಪಾದ ನೋಡುತ್ತಿದ್ದರು. ಹಾರ್ಮೋನಿಯಂ ಮುಂದೆ ಚಕ್ಕಳಮಕ್ಕಳ ಹಾಕಿ ಕೂತವರು ತಲೆ ಎತ್ತದೆಯೇ, "ಆ ಗೇಟ್‌ಗಂಟ ಓಗಿ ಬಾ ಕಣಪ್ಪ, ನೋಡಾನ" ಎನ್ನುತ್ತಿದ್ದರು. ಬಂದವನು ಹೋಗಿ ಬರುವಷ್ಟರಲ್ಲಿ ಅವನು ರಾಜನೋ, ದೂತನೋ, ಋಷಿಯೋ ಎಂಬುದು ತೀರ್ಮಾನವಾಗಿಬಿಟ್ಟಿರುತ್ತಿತ್ತು. "ಮಾತು ಕಲಿಸ್ಬೋದು, ಪದ ಕಲಿಸ್ಬೋದು. ನಡಿಗೆ ಮಾತ್ರ ಅವ್ರವ್ರ ಜೀವ ಎಂಗೈತೋ ಅಂಗೇ ಇರ್ತದೆ" ಎಂಬುದು ಅವರ ವಾದ.

ಅರಕಲಗೂಡು ಕಡೆಯ ಮನುಷ್ಯ. ಹಾಸನದ ಸುತ್ತಲಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಡ್ರಾಮಾ ಮೇಷ್ಟ್ರಾಗಿ, ಸಾಲಗಾಮೆ ರಸ್ತೆಯ ಒಳಬೀದಿಯಲ್ಲಿದ್ದ ನಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ಬಿಳಿ ಪಂಚೆ, ಮೊಣಕೈವರೆಗೆ ಮಡಿಚಿದ ತೋಳು, ಕಿವಿಯ ಮೇಲೊಂದು ಪೆನ್ಸಿಲ್. ನನ್ನ ಅಮ್ಮನನ್ನು ಅವರು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. "ಮಾರಾಣಿಯವ್ರೆ, ಒಂದ್ ಚೊಂಬು ನೀರು ದಯಪಾಲಿಸ್ಬೇಕು" ಎಂದು ಹಿತ್ತಿಲ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಮ್ಮ ನಗುತ್ತಲೇ ನೀರಿನ ಜೊತೆಗೆ ಸಾರನ್ನೂ ಕೊಟ್ಟು ಕಳಿಸುತ್ತಿದ್ದಳು.

ನಮ್ಮ ಕಡೆಯ ಈ ನಾಟಕಗಳಲ್ಲಿ ವೇಷ ಕಟ್ಟುವವನಿಗೆ ಯಾರೂ ದುಡ್ಡು ಕೊಡುವುದಿಲ್ಲ, ಅವನೇ ಕೊಡಬೇಕು. ದೊಡ್ಡ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಹೀಗಾಗಿ ಹಣವಿದ್ದವನೇ ರಾಜ. ಕೆಂಚಯ್ಯ ಮೇಷ್ಟ್ರು ಮಾತ್ರ ಅದಕ್ಕೆ ಬಗ್ಗುತ್ತಿರಲಿಲ್ಲ. ಒಮ್ಮೆ ಬೂವನಹಳ್ಳಿಯ ಕಂಟ್ರಾಕ್ಟರೊಬ್ಬರು ರಾಜನ ಪಾತ್ರವೇ ಬೇಕೆಂದು ಬಂದರು. ಗೇಟಿನವರೆಗೆ ನಡೆದರು, ನಡುವೆ ಎರಡು ಸಲ ಹಿಂತಿರುಗಿ ನೋಡಿದರು. ಮೇಷ್ಟ್ರು ಕೈಮುಗಿದು, "ಸಾ, ನೀವು ರಾಜ ಆದ್ರೆ ಜನ ನಗ್ತಾರೆ. ಮಂತ್ರಿ ಆದ್ರೆ ಎದ್ರುಕೋತಾರೆ. ಯಾವ್ದು ಬೇಕು?" ಎಂದು ಕೇಳಿದರು. ಕಂಟ್ರಾಕ್ಟರ್ ಮುಖ ಕೆಂಪಗೆ ಮಾಡಿಕೊಂಡು ಹೋದವರು, ಎರಡು ದಿನ ಬಿಟ್ಟು ಬಂದು ಮಂತ್ರಿಯಾಗಲು ಒಪ್ಪಿದರು. ನಾಟಕವಾದ ಮೇಲೆ ಅವರೂರಿನವರು ಅವರನ್ನು 'ಮಂತ್ರಿಗಳು' ಎಂದೇ ಕರೆಯತೊಡಗಿದರಂತೆ.

ಇಂಥ ಮನುಷ್ಯನ ಮುಂದೆ ನಾನು ಕಂಪ್ಯೂಟರ್ ಆಟವೊಂದರ ಪಂಚಾಯಿತಿ ಇಟ್ಟಿದ್ದು ನನ್ನ ತಮ್ಮನ ಸಲುವಾಗಿ.

ಮಂಜು ನನಗಿಂತ ಆರು ವರ್ಷ ಚಿಕ್ಕವನು. ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾಗ, ಹೊಳೆನರಸೀಪುರದ ಗೆಳೆಯ ಸತೀಶನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅವನ ಊರಿಗೆ ಬಿಡಲು ಹೊರಟಿದ್ದ. ಎದುರಿಗೆ ಬಂದ ಟ್ರ್ಯಾಕ್ಟರನ್ನು ತಪ್ಪಿಸಲು ಹೋಗಿ ಬೈಕು ಉರುಳಿತು. ಮಂಜುವಿನ ಕಾಲು ಮುರಿಯಿತು. ಸತೀಶ ಉಳಿಯಲಿಲ್ಲ. ತಪ್ಪು ಮಂಜುವಿನದಲ್ಲ ಎಂದು ನೋಡಿದವರೆಲ್ಲ ಹೇಳಿದರು. ಆದರೆ ಅವನ ಕಿವಿಗೆ ಅದು ಇಳಿಯಲಿಲ್ಲ. ಕಾಲು ಕೂಡಿಕೊಂಡ ಮೇಲೂ ಅವನು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಪರೀಕ್ಷೆ ಕಟ್ಟಲಿಲ್ಲ, ಬಸ್ಸು ಹತ್ತಲಿಲ್ಲ. ತಟ್ಟೆ ಒಳಗೆ ಹೋಗುತ್ತಿತ್ತು, ಅರ್ಧ ತುಂಬಿಯೇ ಹೊರಗೆ ಬರುತ್ತಿತ್ತು. ಹೀಗೆ ಒಂದು ವರ್ಷ.

ಆಗ ಹಾಸನಕ್ಕೆ ಬ್ರಾಡ್‌ಬ್ಯಾಂಡ್ ಬಂದು ಹೆಚ್ಚು ದಿನವಾಗಿರಲಿಲ್ಲ. ಮಂಜುವಿನ ಓದಿಗೆಂದು ಕೊಂಡ ಕಂಪ್ಯೂಟರಿಗೆ ನಾನೇ ಸಂಪರ್ಕ ಹಾಕಿಸಿದ್ದೆ. ಒಂದು ಸಂಜೆ ನಾನು ಪಾಠ ಹೇಳುತ್ತಿದ್ದ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಅವನು ಕೋಣೆಯ ಬಾಗಿಲಿಗೆ ಬಂದು ನಿಂತ.

"ಅಕ್ಕ, ಒಂದು ಕೇಳ್ಲಾ?"

ವರ್ಷದಲ್ಲಿ ಅವನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಕಂಪ್ಯೂಟರ್ ಪತ್ರಿಕೆಯ ಜೊತೆ ಒಂದು ಆಟದ ಸಿ.ಡಿ. ಬಂದಿತ್ತು. ಇಂಟರ್ನೆಟ್ಟಿನಲ್ಲಿ ದೇಶದೇಶದ ಸಾವಿರಾರು ಜನ ಒಂದೊಂದು ವೇಷ ಹಾಕಿಕೊಂಡು ಒಂದೇ ಲೋಕದಲ್ಲಿ ಓಡಾಡುವ ಆಟ. ಹತ್ತು ದಿನ ಪುಕ್ಕಟೆ, ಆಮೇಲೆ ತಿಂಗಳು ತಿಂಗಳೂ ಚಂದಾ ಕಟ್ಟಬೇಕು. ಹತ್ತು ದಿನ ಆಡಿ ನೋಡುತ್ತೇನೆ, ಚೆನ್ನಾಗಿದ್ದರೆ ಚಂದಾ ಕಟ್ಟುತ್ತೀಯಾ ಎಂಬುದು ಅವನ ಕೇಳಿಕೆ.

ನೀರಾವರಿ ಇಲಾಖೆಯಲ್ಲಿದ್ದು ಗೊರೂರಿನ ಕ್ವಾರ್ಟರ್ಸಿನಲ್ಲೇ ಅರ್ಧ ಆಯುಷ್ಯ ಕಳೆದ ಅಪ್ಪನಿಗೆ ಇದು ತಲೆಬುಡ ತಿಳಿಯಲಿಲ್ಲ. "ಆಟಕ್ಕೆ ತಿಂಗಳ ಬಾಡಿಗೇನಾ? ಮನೆಯಿಂದ ಹೊರಗೆ ಬಾ ಅಂತ ನಾವು ಬಡ್ಕೋತಿದ್ರೆ, ಒಳಗೇ ಕೂತಿರೋಕೆ ದುಡ್ಡು ಕಟ್ಟು ಅಂತಾನೆ!" ಎಂದರು. ನನ್ನ ಶಾಲೆಯಲ್ಲಿ ವಿಚಾರಿಸಿದರೆ, ಇಂಥ ಆಟಕ್ಕೆ ಬಿದ್ದವರು ಊಟ ನಿದ್ದೆ ಮರೆಯುತ್ತಾರೆ ಎಂದು ಹೆದರಿಸಿದರು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ, ಹೂಂ ಎನ್ನಲು ಧೈರ್ಯವಿರಲಿಲ್ಲ. ಮೇಷ್ಟ್ರಾದರೂ ಬೇಡವೆನ್ನಲಿ, ಹಿರಿಯರ ಮಾತೆಂದು ಮಂಜುವಿಗೆ ಹೇಳಿಬಿಡೋಣ ಎಂದುಕೊಂಡು ಅವರ ಕೋಣೆಗೆ ಹೋದೆ.

ಅವರು ಎಲ್ಲ ಕೇಳಿಸಿಕೊಂಡರು. "ವಸಂತವ್ವ, ನೋಡ್ದೆ ಬ್ಯಾಡ ಅನ್ನಕೆ ನಾನೇನ್ ದಡ್ಡನಾ? ಅತ್ತು ದಿನ ಪುಕ್ಕಟೆ ಅಂದ್ಯಲ್ಲ, ನಾನೂ ಕುಂತ್ಕಂಡು ನೋಡ್ತೀನಿ. ಆಮೇಕೆ ಯೋಳ್ತೀನಿ" ಎಂದರು.

ಮಾರನೆಯ ಮಧ್ಯಾಹ್ನವೇ ಸ್ಟೂಲು ಎತ್ತಿಕೊಂಡು ಮಂಜುವಿನ ಕೋಣೆಗೆ ಹೋದರು. ವರ್ಷದಿಂದ ನಾವು ಹೆದರಿ ಹೆದರಿ ತಟ್ಟುತ್ತಿದ್ದ ಬಾಗಿಲನ್ನು ಅವರು ತಟ್ಟಲೂ ಇಲ್ಲ. ಅವತ್ತು ಭಾನುವಾರ. ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕಿವಿಯೆಲ್ಲ ಅತ್ತಲೇ ಇಟ್ಟಿದ್ದೆ.

"ಇವ್ನು ಯಾರ್ಲಾ, ಕೋಡು ಇಕ್ಕಂಡವ್ನೆ?"

"ಅವನೂ ಒಬ್ಬ ಆಡೋನೇ ಮೇಷ್ಟ್ರೆ. ಬೇರೆ ಯಾವುದೋ ದೇಶದೋನು."

"ಅವ್ಳು?"

"ಅದೂ ಆಡೋರೇ."

"ಮತ್ತೆ ನೋಡೋರು ಎಲ್ಲವ್ರೆ?"

"ನೋಡೋರು ಅಂತ ಯಾರೂ ಇರಲ್ಲ ಮೇಷ್ಟ್ರೆ. ಎಲ್ಲರೂ ಆಡೋರೇ."

ಮೇಷ್ಟ್ರು ದಂಗಾಗಿ ಕೂಗಿದ್ದು ಬೀದಿಗೇ ಕೇಳಿಸಿರಬೇಕು: "ಅಯ್ಯೋ ನಿನ್ನ! ಊರಿಗ್ ಊರೇ ಬಣ್ಣ ಅಚ್ಕಂಡು ರಂಗಕ್ಕೆ ಅತ್ತಿದ್ರೆ ಚಪ್ಪಾಳೆ ವಡಿಯೋನು ಯಾವನ್ಲಾ?"

ಮಂಜು ನಕ್ಕ. ನಾನು ಸೊಪ್ಪು ಕೆಳಗಿಟ್ಟೆ. ಅಮ್ಮ ಒಲೆಯ ಮುಂದಿನಿಂದ ನನ್ನ ಮುಖ ನೋಡಿದಳು. ಇಬ್ಬರೂ ಉಸಿರೆತ್ತಲಿಲ್ಲ, ಆ ನಗು ಎಲ್ಲಿ ನಿಂತುಬಿಡುತ್ತದೋ ಎಂದು.

ಹತ್ತು ದಿನವೂ ಮೇಷ್ಟ್ರು ತಪ್ಪಿಸಲಿಲ್ಲ. ಹತ್ತನೆಯ ಸಂಜೆ ಜಗುಲಿಯಲ್ಲಿ ಅಪ್ಪನ ಎದುರು ಕೂತರು. ನಾನು ಬಾಗಿಲಿಗೆ ಒರಗಿ ನಿಂತೆ. ಮಂಜು ಒಳಗಿದ್ದ.

"ಮದ್ಲು ಕೆಟ್ಟದ್ದು ಯೋಳ್ತೀನಿ ಸಾ. ನಮ್ ನಾಟ್ಕ ಎಷ್ಟೇ ಉದ್ದ ಇರ್ಲಿ, ಕೊನೀಗೆ ಮಂಗಳ ಆಡಿ ಬಣ್ಣ ತೊಳ್ಕಂಡು ಮನೀಗೋಯ್ತೀವಿ. ಇದುಕ್ಕೆ ಮಂಗಳವೇ ಇಲ್ಲ. ನೀವು ಎದ್ದು ಬಂದ್ರೂ ಅದು ನಡೀತಾನೇ ಇರ್ತದೆ. ನಾಳೀಕೆ ಬಾ ಅಂತದೆ, ನಾಳಿದ್ದೂ ಬಾ ಅಂತದೆ. ಅದ್ಕೇ ನಂಗೆ ಭಯ."

"ಹಾಗಾದ್ರೆ ಬೇಡ ಅಂತ ತಾನೇ?" ಎಂದರು ಅಪ್ಪ.

"ತಡೀರಿ ಸಾ. ಅಲ್ಲಿ ಐದು ಜನ ಒಟ್ಗೆ ರಾಕ್ಷಸನ ಗುಹೆಗೆ ಓಯ್ತಾರೆ. ನಾಕು ಜನ ಕತ್ತಿ ಇಡ್ಕಂಡು ವಡೀತಾರೆ. ಯಾರೇ ಆದ್ರೂ ಆ ಕತ್ತೀನೇ ಕೇಳ್ತಾರೆ, ವಯಸ್ಸಿನ್ ಉಡ್ಗ ಅಂದ್ಮೇಲೆ. ನಿಮ್ ಮಗ ಯಾವ್ ಪಾತ್ರ ತಕ್ಕಂಡವ್ನೆ ಗೊತ್ತಾ? ಇವ್ನ ಕೈಲಿ ಕತ್ತಿ ಇಲ್ಲ. ಇಂದೆ ನಿಂತ್ಕಂಡು, ಏಟು ತಿಂದೋರ ಗಾಯ ಮಾಯಿಸ್ತಾನೆ. ಬಿದ್ದು ಸತ್ತೋರ್ನ ಎಬ್ಬಿಸೋ ಮಂತ್ರ ಒಂದೈತೆ. ಅದ್ನ ವತ್ತೋವಾಗ ಅವ್ನ ಬೆರ್ಳು ನಡುಗ್ತದೆ ಸಾ. ಅವ್ರು ಎದ್ ನಿಂತ್ಮೇಲೆ ಉಸುರು ಬಿಡ್ತಾನೆ. ಅತ್ತು ದಿನ ನೋಡಿವ್ನಿ, ಒಂದಿನಾನೂ ಬೇರೆ ಪಾತ್ರ ಮುಟ್ನಿಲ್ಲ."

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಹತ್ತು ದಿನದಲ್ಲಿ ನಾನೂ ಎಷ್ಟೋ ಸಲ ಬಾಗಿಲಲ್ಲಿ ನಿಂತು ನೋಡಿದ್ದೆ. ನನಗೆ ಕಂಡಿದ್ದು ಬಣ್ಣ, ಬೆಂಕಿ, ಗದ್ದಲ ಅಷ್ಟೇ.

"ಕಟ್ಟು ವಸಂತ" ಎಂದರು ಅಪ್ಪ, ಕೊನೆಗೆ.

"ಮೂರು ತಿಂಗ್ಳು ಕಟ್ಟವ್ವ" ಎಂದು ಮೇಷ್ಟ್ರು ತಿದ್ದಿದರು. "ಆಮೇಕೆ ಮಂಗಳ ಯಾವಾಗ ಅಂತ ಅವ್ನೇ ಯೋಳ್ಳಿ."

ಅದಕ್ಕೆ ಕ್ರೆಡಿಟ್ ಕಾರ್ಡ್ ಬೇಕಿತ್ತು. ಸಹೋದ್ಯೋಗಿಯೊಬ್ಬರ ಗಂಡನನ್ನು ಕಾಡಿ ಬೇಡಿ ಕಟ್ಟಿಸಿದೆ.

ಎಲ್ಲವೂ ನೇರವಾಗಿ ಆಯಿತೆಂದು ಹೇಳಲಾರೆ. ಎರಡನೆಯ ತಿಂಗಳು ಮಂಜು ಆಟದೊಳಗೆ ಮುಳುಗಿಯೇ ಹೋದ. ಊಟಕ್ಕೆ ಕರೆದರೆ, "ಐದು ನಿಮಿಷ ಅಕ್ಕ, ನಾನು ಎದ್ರೆ ಅವರೆಲ್ಲ ಸಾಯ್ತಾರೆ" ಎನ್ನುತ್ತಿದ್ದ. ನಾನು ತಪ್ಪು ಮಾಡಿದೆನೆಂದು ಅತ್ತೆ. ಮೇಷ್ಟ್ರು ಬಂದು ಬೈಯಲಿಲ್ಲ. "ಮಂಜಪ್ಪ, ಆರ್ಮೋನಿಯಂ ಎತ್ತಕಾಯ್ತಿಲ್ಲ ಕಣ್ಲಾ, ಸೊಂಟ ಇಡ್ಕಂಬುಟ್ಟದೆ. ಸಾಲಗಾಮೆಗೆ ತಾಲೀಮಿಗೆ ಓಗ್ಬೇಕು. ಒಸಿ ಬತ್ತೀಯಾ?" ಎಂದು ಕೇಳಿದರು. ಸೊಂಟ ಹಿಡಿದದ್ದು ಶುದ್ಧ ಸುಳ್ಳು. ಆ ಬೆಳಿಗ್ಗೆ ಬಾವಿಯಿಂದ ಆರು ಕೊಡ ನೀರು ಸೇದಿದ್ದನ್ನು ನಾನೇ ನೋಡಿದ್ದೆ.

ಮಂಜು ಕಂಪ್ಯೂಟರ್ ಬಿಟ್ಟು ಎದ್ದು ಷರಟು ಹಾಕಿಕೊಂಡ. ಅಪಘಾತವಾದ ಮೇಲೆ ಅವನು ಬಸ್ಸು ಹತ್ತಿದ್ದು ಅವತ್ತೇ ಮೊದಲು. ಊರು ಬರುವವರೆಗೂ ಮುಂದಿನ ಸೀಟಿನ ಕಂಬಿ ಹಿಡಿದ ಕೈ ಬಿಡಲಿಲ್ಲವಂತೆ. ಮೇಷ್ಟ್ರು ಆ ಕೈಯ ಮೇಲೆ ತಮ್ಮ ಕೈ ಇಟ್ಟುಕೊಂಡು, ದಾರಿಯುದ್ದಕ್ಕೂ ಮಂತ್ರಿಯಾದ ಕಂಟ್ರಾಕ್ಟರನ ಕಥೆ ಹೇಳಿದರಂತೆ.

ಅಲ್ಲಿಂದ ವಾರಕ್ಕೆ ಎರಡು ಸಲ ಅವನು ತಾಲೀಮಿಗೆ ಹೋದ. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕೂತು, ಮಾತು ಮರೆತವರಿಗೆ ಮೊದಲ ಪದ ಎತ್ತಿಕೊಡುವ ಕೆಲಸ. ಉಳಿದ ದಿನ ಆಟ. ಒಂದು ದಿನ ಅವನೇ ಮೇಷ್ಟ್ರನ್ನು ಕೇಳಿದ, "ಹೊಳೆನರಸೀಪುರಕ್ಕೆ ಬರ್ತೀರಾ? ಸತೀಶನ ಮನೆಗೆ." ಇಬ್ಬರೂ ಹೋಗಿ ಬಂದರು. ಅಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ. ಎರಡು ದಿನವಾದ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಪಕ್ಕ ಬಂದು ನಿಂತು ತಾನಾಗಿಯೇ ಹೇಳಿದ: "ಅವರಮ್ಮ ಮೊದಲು ಕೇಳಿದ್ದು, ನಿನ್ನ ಕಾಲು ಹೇಗಿದೆಯಪ್ಪ ಅಂತ, ಅಕ್ಕ."

ಆಟದ ಚಂದಾ ಆರು ತಿಂಗಳು ನಡೆಯಿತು. ಒಂದು ಸಂಜೆ ಅವನು ಆ ಲೋಕದ ಜೊತೆಗಾರರಿಗೆಲ್ಲ ಹೋಗಿಬರುತ್ತೇನೆಂದು ಟೈಪು ಮಾಡಿ, ಕಂಪ್ಯೂಟರ್ ಆರಿಸಿ, ಮೇಷ್ಟ್ರ ಕೋಣೆಗೆ ಹೋಗಿ, "ಮಂಗಳ ಆಯ್ತು" ಎಂದು ಹೇಳಿ ಬಂದ. ಬಿಟ್ಟ ಪರೀಕ್ಷೆ ಕಟ್ಟಿದ. ಈಗ ಚನ್ನರಾಯಪಟ್ಟಣದಲ್ಲಿ ಪಂಪು ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಬೈಕು ಓಡಿಸುವುದಿಲ್ಲ, ಬಸ್ಸಿನಲ್ಲೇ ಓಡಾಟ. ಅದೊಂದು ಹಾಗೆಯೇ ಉಳಿಯಿತು.

ವಯಸ್ಸಾಗಿ, ಹಾರ್ಮೋನಿಯಂ ಮೇಲೆ ಬೆರಳು ನಡುಗಲು ಶುರುವಾದ ಮೇಲೆ ಮೇಷ್ಟ್ರು ನಮ್ಮ ಕೋಣೆ ಬಿಟ್ಟು ಅರಕಲಗೂಡಿನ ಮಗಳ ಮನೆ ಸೇರಿದರು. ಒಂದು ರಜೆಯಲ್ಲಿ ನೋಡಿಬರಲು ಹೋದೆ. ಬಹಳ ಇಳಿದುಹೋಗಿದ್ದರು. ಮಂಜುವಿನ ಅಂಗಡಿ, ಅಪ್ಪನ ಬಿ.ಪಿ., ಅಮ್ಮನ ಮಂಡಿನೋವು ಎಲ್ಲ ವರದಿ ಒಪ್ಪಿಸಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದವರು ತಟ್ಟನೆ ಕೇಳಿದರು:

"ತಮ್ಮಂಗೆ ಒಂದ್ ಪಾತ್ರ ಬೇಕು ಅಂತ ನನ್ ತಾವ ಬಂದೆ. ನಿಂಗೆ ಅಂತ ಒಂದಿನ ಆದ್ರೂ ಬಂದ್ಯೇನವ್ವ?"

ನಾನು ನಕ್ಕೆ. "ನನಗೆ ಯಾವ ಪಾತ್ರ ಕೊಡ್ತಿದ್ರಿ ಮೇಷ್ಟ್ರೆ?"

"ನಾನ್ ಕೊಡಾದಲ್ಲ, ನೀನ್ ಕೇಳ್ಬೇಕು. ಯೋಚ್ನೆ ಮಾಡ್ಕಂಡು ಮುಂದ್ಲ ಸಲ ಬಂದಾಗ ಯೋಳು."

ಹಾಸನದ ಬಸ್ಸಿನಲ್ಲಿ ಕೂತು ಯೋಚಿಸಿದೆ. ಏನೂ ತೋಚಲಿಲ್ಲ. ಮೂವತ್ತು ದಾಟಿದವಳಿಗೆ ತನಗೇನು ಬೇಕೆಂದು ಹೇಳಲು ಒಂದು ಮಾತೂ ಇಲ್ಲವಲ್ಲ ಎಂದು ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಗೊರೂರು ದಾಟುವಾಗ ಹೊಳೆಯಿತು. ಹತ್ತು ವರ್ಷ ಗೋಡೆಯಾಚೆಯಿಂದ ಕೇಳಿದ ಅವರ ಪದಗಳೆಲ್ಲ ನನಗೆ ಬರುತ್ತಿದ್ದವು. ಒಂದನ್ನೂ ನಾನು ಬಾಯಿಬಿಟ್ಟು ಹಾಡಿರಲಿಲ್ಲ.

ಮುಂದಿನ ಸಲ ಹೋಗುವಷ್ಟರಲ್ಲಿ ಅವರಿರಲಿಲ್ಲ. ನಾನೂ ಮಂಜುವೂ ಸುದ್ದಿ ತಿಳಿದು ಓಡಿದೆವು. ಅಂಗಳದ ತುಂಬ ಜನ. ಅವರಿಂದ ಕಲಿತವರು ಗುಂಪಾಗಿ ಕೂತು, ಅವರೇ ಕಲಿಸಿದ ಪದ ಹಾಡುತ್ತಿದ್ದರು. ಎರಡನೆಯ ಚರಣದಲ್ಲಿ, ಮುಂದಾಗಿ ಹಾಡುತ್ತಿದ್ದ ಹಿರಿಯರೊಬ್ಬರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು, ಹಾಡು ನಿಂತುಹೋಯಿತು. ಹೆಂಗಸರ ನಡುವೆ ನಿಂತಿದ್ದ ನಾನು ಆ ಸಾಲು ಎತ್ತಿಕೊಂಡೆ. ಧ್ವನಿ ಮೊದಲು ಒಡೆಯಿತು, ಆಮೇಲೆ ಹದಕ್ಕೆ ಬಂತು. ಮಂಜು ತಿರುಗಿ ನೋಡಿದ. ನಾನು ನಿಲ್ಲಿಸಲಿಲ್ಲ.