ಒಂದೆರಡು ಕಡೆ ಗುಡುಗು ಸಹಿತ ಮಳೆ

ನಮ್ಮ ಅಡುಗೆಮನೆಯ ರೇಡಿಯೋಗೆ ಬೆನ್ನಿನ ಮುಚ್ಚಳವಿಲ್ಲ. ಒಂದು ರಬ್ಬರ್ ಬ್ಯಾಂಡು ಅದರ ಸೆಲ್ಲುಗಳನ್ನು ಹಿಡಿದುಕೊಂಡಿದೆ. ಉಪ್ಪಿನ ಭರಣಿಯ ಪಕ್ಕ ಕೂತು, ವರ್ಷಗಟ್ಟಲೆ ಒಗ್ಗರಣೆಯ ಹೊಗೆ ಕುಡಿದು ಮೈ ಕಪ್ಪಾಗಿದ್ದರೂ ಕಂಠ ಮಾತ್ರ ಕೆಟ್ಟಿಲ್ಲ. ಬೆಳಿಗ್ಗೆ ನಾನು ರೊಟ್ಟಿ ತಟ್ಟುವ ಹೊತ್ತಿಗೆ ಅದು ಗಂಭೀರವಾಗಿ ಹೇಳುತ್ತದೆ: ದಾವಣಗೆರೆ ಜಿಲ್ಲೆಯ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆ. ಈ ‘ಒಂದೆರಡು ಕಡೆ’ ಎಂಬ ಊರಿಗೆ ಯಾವ ಬಸ್ಸು ಹತ್ತಬೇಕು, ನೀವೇ ಹೇಳಿ! ನ್ಯಾಮತಿಯ ಮೇಲೆ ಮೋಡ ಕವಿದಿರುವಾಗ ಜಗಳೂರಿನಲ್ಲಿ ಧೂಳು ಏಳುತ್ತಿರುತ್ತದೆ. ಚನ್ನಗಿರಿಯವರು ಬೇಯಿಸಿದ ಅಡಿಕೆಯನ್ನು ಅಂಗಳದಿಂದ ಗಡಿಬಿಡಿಯಲ್ಲಿ ಬಾಚಿಕೊಳ್ಳುತ್ತಿರುವಾಗ ನಾನು ಹೊನ್ನಾಳಿಯಲ್ಲಿ ಮಹಡಿಯ ಮೇಲೆ ಹಪ್ಪಳ ಹರವಿಕೊಂಡು ಸುಡುಬಿಸಿಲಿಗೆ ಬೈಯುತ್ತಿರುತ್ತೇನೆ. ಇಷ್ಟು ದೊಡ್ಡ ಜಿಲ್ಲೆಗೆ ಒಂದೇ ವಾಕ್ಯ ಸಾಲುವುದು ಹೇಗೆ?

ದೂರದ ಕೆಲವು ದೇಶಗಳಲ್ಲಿ ಹವಾಮಾನದ ಎಚ್ಚರಿಕೆಗೆಂದೇ ಬೇರೊಂದು ರೇಡಿಯೋ ಇರುತ್ತದಂತೆ. ಹಾಡಿಲ್ಲ, ಹರಟೆಯಿಲ್ಲ, ದಿನವಿಡೀ ಮೂಲೆಯಲ್ಲಿ ಮೌನವಾಗಿ ಮಲಗಿರುವುದೇ ಅದರ ಕಾಯಕ. ಆದರೆ ಅದರದು ಬಾಣಂತಿಯ ನಿದ್ದೆ. ಎಲ್ಲೋ ಬಿರುಗಾಳಿ ಎದ್ದು ತನ್ನ ಊರಿಗೆಂದೇ ಇರುವ ಗುರುತಿನ ಸಂಕೇತ ಕಿವಿಗೆ ಬಿದ್ದೊಡನೆ ತಾನೇ ಎಚ್ಚರಗೊಂಡು, ಮೊದಲು ಎದೆ ಝಲ್ಲೆನ್ನುವಂತೆ ಕೂಗಿ, ಆಮೇಲೆ ಏನು ಬರುತ್ತಿದೆ, ಎಲ್ಲಿಗೆ ಬರುತ್ತಿದೆ, ಏನು ಮಾಡಬೇಕು ಎಂಬುದನ್ನು ಸಾವಧಾನವಾಗಿ ಹೇಳುತ್ತದೆ. ಪಕ್ಕದ ಸೀಮೆಯ ಗಾಳಿಗೆ ಅದು ಕಣ್ಣು ತೆರೆಯುವುದೂ ಇಲ್ಲ. ನಮ್ಮಲ್ಲಿ ಈಗ ಆ ಕೆಲಸವನ್ನು ಮೊಬೈಲು ಕಲಿತುಕೊಂಡಿದೆ. ಯಾರ ನಂಬರೂ ಬೇಕಿಲ್ಲ. ಅಪಾಯವಿರುವ ಕಡೆಯ ಟವರಿನ ನೆರಳಲ್ಲಿರುವ ಫೋನುಗಳೆಲ್ಲ ಒಟ್ಟಿಗೇ ಕಿರುಚಿಕೊಳ್ಳುತ್ತವೆ. ಇಷ್ಟಾದ ಮೇಲೆ ಇನ್ನೇನು ಬೇಕು ಎಂದು ನಾನೂ ತಿಳಿದಿದ್ದೆ. ಆದರೆ ಎಚ್ಚರಿಕೆ ಕಿವಿಗೆ ತಲುಪುವುದು ಬೇರೆ, ಕಾಲಿಗೆ ತಲುಪುವುದು ಬೇರೆ.

ದೀಪಾವಳಿಗೆ ಮುಂಚೆ ಜಗಳೂರು ತಾಲ್ಲೂಕಿನ ಸೊಕ್ಕೆಗೆ, ನನ್ನ ಅಕ್ಕನ ಮನೆಗೆ ಹೋಗಿದ್ದೆ. ಮೆಕ್ಕೆಜೋಳದ ಸುಗ್ಗಿ. ಆ ದಿನಗಳಲ್ಲಿ ಅಲ್ಲಿಯ ಡಾಂಬರು ರಸ್ತೆ ಅರ್ಧ ವಾಹನಗಳದ್ದು, ಇನ್ನರ್ಧ ಜೋಳದ್ದು. ಕಾದ ಡಾಂಬರಿನಷ್ಟು ಬೇಗ ಕಾಳನ್ನು ಒಣಗಿಸುವ ಕಣ ಬೇರೆಲ್ಲಿದೆ? ಮಾರುದ್ದ ಹರಡಿದ ಆ ಹಳದಿಯ ಪಕ್ಕದಲ್ಲಿ ಕಲ್ಲುಗಳ ಸಾಲಿಟ್ಟು, ಬಸ್ಸಿನವರೂ ಬೈಕಿನವರೂ ಮರ್ಯಾದೆಯಿಂದ ಬಳಸಿಕೊಂಡು ಹೋಗುವಂತೆ ಮಾಡಿರುತ್ತಾರೆ. ಮಧ್ಯಾಹ್ನ ಊಟ ಮುಗಿಸಿ ಜಗಲಿಯ ಮೇಲೆ ಕೂತಿದ್ದೆವು. ಇದ್ದಕ್ಕಿದ್ದಂತೆ ನನ್ನ ಫೋನು, ಅಕ್ಕನ ಫೋನು, ಎದುರು ಮನೆಯ ಫೋನು ಎಲ್ಲವೂ ಒಂದೇ ಉಸಿರಿಗೆ ಚೀರಿದವು. ಸಿಡಿಲು ಬೀಳುವ ಸಂಭವವಿದೆ, ಬಯಲಿನಲ್ಲಿ ನಿಲ್ಲಬೇಡಿ, ಮರದ ಕೆಳಗೆ ಹೋಗಬೇಡಿ, ಮನೆಯೊಳಗೇ ಇರಿ.

ಕೇಳಿದ್ದೇ ತಡ, ಮನೆಯೊಳಗಿದ್ದವರೆಲ್ಲ ಹೊರಗೆ ಓಡಿದರು! ತಾಡಪಾಲು ಹೊತ್ತವರು, ಪೊರಕೆ ಹಿಡಿದವರು, ಹಲಗೆಯಿಂದ ಕಾಳು ನೂಕುವವರು, ಬೀದಿಗೆ ಬೀದಿಯೇ ರಸ್ತೆಗಿಳಿಯಿತು.

“ಅಕ್ಕಾ, ಒಳಗಿರು ಅಂತ ಹೇಳಾಕೆ ಹತ್ತೈತೆ, ನೀನು ಹೊರಗೆ ಓಡ್ತೀಯಲ್ಲೇ!” ಎಂದು ಕೂಗಿದೆ.

“ಜೋಳ ಹೊರಗೈತೆ ಅಂತ ಅದಕ್ಕೇನ್ ಗೊತ್ತು? ಬಾಯಿ ಮುಚ್ಚಿ ಆ ತುದಿ ಹಿಡಿ ಬಾ,” ಎಂದಳು ಅಕ್ಕ.

ಹಿಡಿದೆ. ಆಗ ನನಗೆ ಹೊಳೆಯಿತು ನೋಡಿ: ಯಾವುದೋ ಕಚೇರಿಯಲ್ಲಿ ಕೂತು ಆ ಎಚ್ಚರಿಕೆಯನ್ನು ಬರೆದವರು ಮನುಷ್ಯನ ಪ್ರಾಣವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರು, ಅದು ಸರಿಯೇ, ಆದರೆ ಆರು ತಿಂಗಳ ಬೆವರು ಅಂಗಾತ ರಸ್ತೆಯ ಮೇಲೆ ಮಲಗಿರುವಾಗ ‘ಒಳಗಿರಿ’ ಎಂಬ ಮಾತು ನಮ್ಮವರಿಗೆ ‘ಬೇಗ ಹೊರಡಿ’ ಎಂದೇ ಕೇಳಿಸುತ್ತದೆ. ಪಡುವಣ ದಿಕ್ಕು ಕಪ್ಪಾಯಿತು. ಮೊದಲ ಗುಡುಗಿಗೆ ಒಂದಷ್ಟು ಜನ ಚದುರಿದರು. ಎರಡನೆಯದಕ್ಕೆ ನಾನೂ ಜಗಲಿಗೆ ಓಡಿಬಂದೆ, ಸುಳ್ಳು ಯಾಕೆ ಹೇಳಲಿ. ಅಕ್ಕ ಬರಲಿಲ್ಲ. ರಸ್ತೆ ಬದಿಯ ಜಾಲಿಮರದ ಪಕ್ಕ, ಗಾಳಿಗೆ ಹಾರುವ ತಾಡಪಾಲಿನ ಅಂಚಿಗೆ ಕಲ್ಲು ಹೇರುತ್ತಾ ಒಬ್ಬಳೇ ನಿಂತಿದ್ದಳು. ನಾನು ಕೂಗಿದ್ದು ಗಾಳಿಗೇ ಹೋಯಿತು. ಇರುವವಳು ಒಬ್ಬಳೇ ಅಕ್ಕ.

ಆಗ ಅದೇ ರಸ್ತೆಗೆ ಮುಖ ಮಾಡಿರುವ ಹಾಲಿನ ಡೈರಿಯ ಮೈಕು ಕರಕರ ಎಂದಿತು. ನಮ್ಮ ಭಾವ ಅಲ್ಲಿ ಹಾಲು ಅಳೆಯುತ್ತಾರೆ. ದನದ ಡಾಕ್ಟರು ಬಂದಾಗ ಊರಿಗೆ ಸಾರುವವರೂ ಅವರೇ. ಯಾವ ಮುನ್ನುಡಿಯೂ ಇಲ್ಲದೆ ಶುರು ಮಾಡಿದರು.

“ಏ ಬಸಣ್ಣ, ಸಾಕು, ಒಳಗೆ ನಡಿ. ಹಾಲಮ್ಮಾರೇ, ಆ ಪೊರಕೆ ಅಲ್ಲೇ ಬಿಸಾಕ್ರಿ, ಮೊಮ್ಮಗೂನ ನೋಡ್ರಿ. ಕರಿಯಪ್ಪ, ಮರದ ಕೆಳಗೆ ನಿಂತ್ರೆ ನೋಡು ಮತ್ತೆ!”

ಹೆಸರು ಬಿದ್ದಂತೆಲ್ಲ ಜನ ಒಬ್ಬೊಬ್ಬರಾಗಿ, ಬೈಸಿಕೊಂಡ ಮುಖ ಹೊತ್ತು, ಮನೆ ಸೇರಿದರು. ಆಮೇಲೆ ಮೈಕು ತಡವರಿಸಿತು. ಆ ಕಡೆಯ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ‘ಲೇ ಇವಳೇ’ ಎಂದರೆ ಮುಗಿಯಿತು. ಮದುವೆಯಾದಂದಿನಿಂದ ಭಾವನ ಬಾಯಲ್ಲಿ ಅಕ್ಕನ ಹೆಸರನ್ನು ನಾನಂತೂ ಕೇಳಿದ್ದಿಲ್ಲ.

“ಗಿರಿಜಾ,” ಎಂದಿತು ಮೈಕು, ಇಡೀ ಊರಿಗೆ ಕೇಳುವಂತೆ. “ಗಿರಿಜಾ, ಜೋಳ ಹೋದ್ರೆ ಹೋಗ್ಲಿ. ಒಳಗೆ ಬಾ.”

ಅಕ್ಕನ ಕೈಯಲ್ಲಿದ್ದ ಕಲ್ಲು ಕೆಳಗೆ ಬಿತ್ತು. ಸೆರಗನ್ನು ತಲೆ ತುಂಬ ಹೊದ್ದುಕೊಂಡು, ಯಾರಾದರೂ ನೋಡಿಯಾರೆಂದು ನೆಲ ನೋಡುತ್ತಾ ದಡದಡನೆ ಬಂದು ಒಳಗೆ ಸೇರಿದಳು. ಬಾಗಿಲು ಹಾಕಿಕೊಂಡು ಇನ್ನೂ ಕೂತಿರಲಿಲ್ಲ, ಕಣ್ಣು ಕುಕ್ಕುವ ಬೆಳಕು, ಗೋಡೆ ನಡುಗುವ ಸದ್ದು. ಕಿಟಕಿಯಿಂದ ನೋಡಿದರೆ ಜಾಲಿಮರ ಬುಡದವರೆಗೆ ಸೀಳಿಹೋಗಿತ್ತು. ನಾನು ಅಕ್ಕನನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತೆ.

ಮಳೆ ನಿಂತ ಮೇಲೆ ಭಾವ ಬಂದರು. ಸಿಡಿಲಿನ ಹೊತ್ತಿನಲ್ಲಿ ಕರೆಂಟಿನ ಮೈಕು ಹಿಡಿಯುವುದು ಯಾವ ಜಾಣತನ ಎಂದು ನಾನು ಮೊದಲು ಅವರನ್ನೇ ತರಾಟೆಗೆ ತೆಗೆದುಕೊಂಡೆ. ಅಕ್ಕನ ಸಿಟ್ಟು ಬೇರೆ.

“ಊರ ಮುಂದೆ ಹಂಗೆ ಹೆಸ್ರು ಹಿಡಿದು ಕರೆಯೋದೇನ್ರಿ? ನಾಳೆ ನೀರಿಗೆ ಹೆಂಗೆ ಹೋಗ್ಲಿ ನಾನು?”

“ಮತ್ತೇನು, ಮೈಕ್‌ನಾಗೆ ‘ಲೇ ಇವಳೇ’ ಅಂದಿದ್ರೆ ಯಾರ ಹೆಂಡ್ತಿ ಬರ್ತಿದ್ಲು?” ಎಂದರು ಭಾವ.

ನಕ್ಕೆವು. ಆದರೆ ನನ್ನ ಮಟ್ಟಿಗೆ ವಿಷಯ ಅಲ್ಲಿಗೆ ಇತ್ಯರ್ಥವಾಯಿತು. ಜಿಲ್ಲೆಗೆ ಹೇಳಿದ್ದನ್ನು ತಾಲ್ಲೂಕಿಗೆ, ತಾಲ್ಲೂಕಿಗೆ ಹೇಳಿದ್ದನ್ನು ಟವರಿಗೆ ತಂದು ಮುಟ್ಟಿಸುವ ಯಂತ್ರಗಳು ಬೇಕು, ಇನ್ನೂ ಚುರುಕಾಗಲಿ. ಅವಿಲ್ಲದಿದ್ದರೆ ಭಾವನಿಗೂ ಸುದ್ದಿ ತಿಳಿಯುತ್ತಿರಲಿಲ್ಲ. ಕೊನೆಯ ನಾಲ್ಕು ಮಾರಿನ ದಾರಿಗೆ ಮಾತ್ರ ನಮ್ಮನ್ನು ಬಲ್ಲ ಒಂದು ದನಿ ಬೇಕು. ಅಂಥ ದನಿಗೆ ನಮ್ಮ ಊರುಗಳಲ್ಲಿ ಬರವಿಲ್ಲ ಎಂಬ ಧೈರ್ಯ ನನಗಿದೆ.

ಮರುದಿನ ಜೋಳ ಮತ್ತೆ ರಸ್ತೆಗಿಳಿದಿತ್ತು. ನಾನು ಹೊರಡುವ ಮುಂಚೆ ಫೋನುಗಳು ಇನ್ನೊಮ್ಮೆ ಚೀರಿದವು. ಬಿಸಿಲು ಇನ್ನೂ ಇತ್ತು. ನಾನು ಕನ್ನಡಕ ಹುಡುಕಿ ಓದುವಷ್ಟರಲ್ಲಿ ಅಕ್ಕ ಹಲಗೆಯನ್ನು ರಸ್ತೆಯಲ್ಲೇ ಬಿಟ್ಟು ಬಂದು ನಡುಮನೆಯಲ್ಲಿ ಕೂತಾಗಿತ್ತು.

“ಭಾವ ಇನ್ನೂ ಮೈಕ್‌ನಾಗೆ ಕರೆದಿಲ್ಲಲ್ಲೇ?” ಎಂದು ಕಾಡಿಸಿದೆ.

“ಕರೀಲಿ ತಗಾ,” ಎಂದಳು ಅಕ್ಕ, ಕಿಟಕಿ ತೆಗೆಯುತ್ತಾ. “ಒಳಗೆ ಕೂತ್ಕೊಂಡೇ ಕೇಳ್ತೀನಿ.”