ಚಿಲಕವಿಲ್ಲದ ಬಾಗಿಲು

ದೆವ್ವ, ಗಾಳಿ ಎಂದು ಯಾರಾದರೂ ಬಾಯಿ ತೆರೆದರೆ, ಹೋಗಿ ಪಾತ್ರೆ ತೊಳೆಯಿರಿ ಎನ್ನುತ್ತಿದ್ದವಳು ನಾನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟರೂ ಅಷ್ಟು ಬುದ್ಧಿ ಇತ್ತು. ಈಗಲೂ ನಂಬುತ್ತೇನೆ ಎಂದು ಹೇಳುತ್ತಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ಕಾಕ್ಸ್ ಟೌನಿನ ಒಂದು ಹಳೆಯ ಮನೆಯಲ್ಲಿ ಆಯಾ ಆಗಿದ್ದೆ. ಮನಸ್ಸಿಗೆ ಪೆಟ್ಟು ಬಿದ್ದ ಚಿಕ್ಕ ಮಕ್ಕಳನ್ನು ತಿಂಗಳುಗಟ್ಟಲೆ ಇರಿಸಿಕೊಂಡು ಚಿಕಿತ್ಸೆ ಕೊಡುವ ಜಾಗ ಅದು. ಅಲ್ಲಿ ಮಕ್ಕಳ ಕೋಣೆಗಳಿಗೆ ಒಳಗಡೆ ಚಿಲಕ ಇರುವುದಿಲ್ಲ. ಮಗು ಒಳಗಿನಿಂದ ಹಾಕಿಕೊಂಡು ಏನಾದರೂ ಮಾಡಿಕೊಂಡರೆ? ಅದಕ್ಕೇ ಎಲ್ಲವನ್ನೂ ಕಿತ್ತು, ತೂತುಗಳನ್ನೂ ಮುಚ್ಚಿ ಬಣ್ಣ ಬಳಿದಿದ್ದರು. ನಾವು ನೋಡುವುದಕ್ಕೆಂದು ಬಾಗಿಲಲ್ಲಿ ಅಂಗೈಯಗಲದ ಗಾಜು ಮಾತ್ರ ಇತ್ತು.

ಭವಾನಿ ಎಂಬ ಏಳು ವರ್ಷದ ಹುಡುಗಿ ಬಂದಿದ್ದಳು. ತಾಯಿ ಸತ್ತ ಮೇಲೆ ಸೋದರಮಾವನ ಮನೆಯಲ್ಲಿದ್ದವಳು. ಮಾತು ನಿಂತುಹೋಗಿತ್ತು. ಮೂರು ತಿಂಗಳಲ್ಲಿ ಊಟ, ನಿದ್ದೆ ಸರಿಹೋದವು, ಮಾತು ಬರಲಿಲ್ಲ. ಮನೆಗೆ ಕಳಿಸಬಹುದು ಎಂದು ತೀರ್ಮಾನವಾಗಿ ಕಾಗದಪತ್ರ ತಯಾರಾದವು. ಇಂಥ ಸುದ್ದಿಯನ್ನು ಡಾಕ್ಟರಮ್ಮನೇ ಮಗುವನ್ನು ಕೂರಿಸಿಕೊಂಡು ಹೇಳಬೇಕು, ಆಯಾಗಳು ಹೇಳಕೂಡದು. ನನಗೆ ಅದೊಂದು ನಾಟಕ ಅನಿಸುತ್ತಿತ್ತು. ಮಾವ ಹೇಳಿದ್ದಕ್ಕಿಂತ ಎರಡು ದಿನ ಮೊದಲೇ ಬಂದ. ಡಾಕ್ಟರಮ್ಮ ಇನ್ನೂ ಮಗುವಿಗೆ ಹೇಳಿರಲಿಲ್ಲ. ನಾನೇ ಹೇಳಿಬಿಟ್ಟೆ: “ಏಳು, ನಿಮ್ಮ ಮಾವ ಬಂದವ್ರೆ. ಅಳ್ಬೇಡ, ಹೊರಡು.”

ಅವಳು ಅಳಲಿಲ್ಲ. ಎದ್ದು ಕೋಣೆಗೆ ಹೋದಳು. ಬಾಗಿಲು ಮುಚ್ಚಿತು. ಆಮೇಲೆ ಒಳಗೆ ಚಿಲಕ ಬಿದ್ದ ಸದ್ದು ಕೇಳಿಸಿತು.

ತಳ್ಳಿದೆ. ಅಲ್ಲಾಡಲಿಲ್ಲ. ವಾಚ್‌ಮನ್ ಅಂತೋಣಿಯನ್ನು ಕೂಗಿದೆ.

“ಏನಜ್ಜಿ, ಬೆಳಗ್ಗೆ ಮುದ್ದೆ ಸಾಲ್ಲಿಲ್ವಾ? ಜರುಗಿ ಅತ್ಲಾಗೆ,” ಎಂದು ಭುಜ ಕೊಟ್ಟ. ಒದ್ದೂ ನೋಡಿದ. ನಗು ನಿಂತಿತು. “ಒಳಗ್ ಚಿಲ್ಕ ಹಾಕವ್ಳೆ ಅಜ್ಜಿ.”

“ಚಿಲ್ಕ ಎಲ್ಲೈತೋ? ನೀನೇ ಅಲ್ವೇನೋ ಕಿತ್ತಿದ್ದು!”

ಗಾಜಿನಲ್ಲಿ ನೋಡಿದೆ. ಮಗು ಆಚೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿತ್ತು. ಬಾಗಿಲಿಗೆ ಅಡ್ಡವಾಗಿ ಏನೂ ಇರಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಒಮ್ಮೆ ತಳ್ಳಿ ನೋಡಿ, ನೆಲದ ಮೇಲೆ ಕೂತು, ಬಾಗಿಲ ಸಂದಿಗೆ ಬಾಯಿಟ್ಟು, “ಭವಾನಿ, ನಿಂಗೆ ಬೇಡ ಅಂದ್ರೆ ಕಳಿಸಲ್ಲಮ್ಮ,” ಎಂದರು. ಕೆಳಗೆ ಮಾವ ಕೂಗಾಡುತ್ತಿದ್ದ. ಹೋಗಿ ಅವನನ್ನು ವಾಪಸ್ ಕಳಿಸಿದರು. ಗೇಟು ಹಾಕಿದ ಸದ್ದಾಯಿತು. ಬಾಗಿಲ ಮೇಲೆ ಇಟ್ಟಿದ್ದ ನನ್ನ ಕೈ ಹಾಗೇ ಮುಂದಕ್ಕೆ ಹೋಯಿತು. ಬಾಗಿಲು ತೆರೆದುಕೊಂಡಿತ್ತು.

ಬಡಗಿ ಬಂದು ಪರೀಕ್ಷಿಸಿದ. ಮರ ಉಬ್ಬಿರಲಿಲ್ಲ, ತಿರುಗಣಿ ಸರಿಯಾಗಿತ್ತು. ತೂತುಗಳ ಮೇಲಿನ ಬಣ್ಣ ಕೂಡ ಬಿರಿದಿರಲಿಲ್ಲ. ರಿಜಿಸ್ಟರಿನಲ್ಲಿ ‘ಬಾಗಿಲು ಬಿಗಿದುಕೊಂಡಿತ್ತು’ ಎಂದು ಬರೆದರು. ನಾನೂ ಸಹಿ ಹಾಕಿದೆ.

ಮುಂದಿನ ವಾರಗಳಲ್ಲಿ ಮಗು ಚಿತ್ರ ಬರೆದು ಬರೆದು ಡಾಕ್ಟರಮ್ಮನಿಗೆ ಮಾವನ ಮನೆಯ ವಿಷಯ ತಿಳಿಸಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳನ್ನು ಮತ್ತೆ ಅಲ್ಲಿಗೆ ಕಳಿಸಲಿಲ್ಲ.

ಚಿಲಕ ಹಾಕಿದ್ದು ಯಾರು, ತೆಗೆದದ್ದು ಯಾರು, ಇವತ್ತಿಗೂ ನನಗೆ ಗೊತ್ತಿಲ್ಲ. ಯೋಚಿಸುವುದನ್ನೂ ಬಿಟ್ಟಿದ್ದೇನೆ. ಇನ್ನೊಂದು ಯೋಚನೆ ಮಾತ್ರ ನನ್ನನ್ನು ಬಿಡುವುದಿಲ್ಲ. ಅವತ್ತು ಬಾಗಿಲು ತೆರೆದಿದ್ದರೆ, ಮುಖ ಒರೆಸಿ, ಕೈ ಹಿಡಿದು ಕೆಳಗಿಳಿಸಿ, ಆ ಮಗುವನ್ನು ಅವನಿಗೆ ಒಪ್ಪಿಸುತ್ತಿದ್ದವಳು ನಾನೇ.