ಜುಂಜಣ್ಣ ಕಾಲು ಊರಿದ್ದು

ಹಿರಿಯೂರಿನ ಲಾರಿ ಸ್ಟ್ಯಾಂಡಿನ ಹಿಂದೆ ಗ್ಯಾಸ್ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಜುಂಜಣ್ಣನಿಗೆ ಬೆಂಕಿ ಕಂಡರೆ ಭಯ. ನಗುವ ಮೊದಲು ನಮ್ಮನ್ನು ನಾವೇ ನೋಡಿಕೊಳ್ಳುವುದು ಒಳ್ಳೆಯದು; ಓದುವವರಿಗೆ ಹೆದರುತ್ತಲೇ ಬರೆದು ಹೊಟ್ಟೆ ಹೊರೆಯುವವರೂ ಇದ್ದಾರೆ.

ಅವನು ಹುಟ್ಟಿದ್ದು ಜವನಗೊಂಡನಹಳ್ಳಿ ಕಡೆಯ ಒಂದು ಗೊಲ್ಲರ ಹಟ್ಟಿಯಲ್ಲಿ. ಕುರಿ ಕಾಯಲು ಕಳಿಸಿದರೆ, ತೋಳ ಬಂತು ಎಂಬ ಕೂಗು ಕೇಳಿದ ಕೂಡಲೇ ಕುರಿಗಳಿಗಿಂತ ಮೊದಲು ಇವನೇ ಹಟ್ಟಿ ಸೇರುತ್ತಿದ್ದ. ಅಪ್ಪ ಯತ್ತಪ್ಪ ರೋಸಿಹೋಗಿ ಪೇಟೆಗೆ ಅಟ್ಟಿದ. ತೋಳದಿಂದ ತಪ್ಪಿಸಿಕೊಂಡು ಬಂದವನು ಗ್ಯಾಸ್ ಹುಟ್ಟಿಸುವ ಕಾರ್ಬೈಡ್ ಡ್ರಮ್ಮಿನ ಬಾಯಿಗೆ ಬಿದ್ದ. ಅದು ಬುಸ್ಸೆಂದಾಗಲೆಲ್ಲ ಇವನ ಎದೆ ಬಾಯಿಗೆ ಬರುತ್ತಿತ್ತು. ಅದಕ್ಕೇ ಯಾವ ಗಾಡಿ ಬಂದರೂ ಮೊದಲು ಡೀಸೆಲ್ ಟ್ಯಾಂಕು ಬಿಚ್ಚಿ ರಸ್ತೆಯಾಚೆ ಹುಣಸೆಮರದ ಬುಡದಲ್ಲಿಡುವನು. ಹಟ್ಟಿಯಿಂದ ತಂದ ಕರಿ ಕಂಬಳಿಯನ್ನು ನೀರಿನಲ್ಲಿ ಅದ್ದಿ ಕಿಡಿ ಬೀಳುವ ಕಡೆಯೆಲ್ಲ ಹೊದಿಸುವನು. ಅವನ ಅಂಗಡಿಯಲ್ಲಿ ಒಂದು ಸೀಟೂ ಸುಟ್ಟಿರಲಿಲ್ಲ. "ಪುಕ್ಕಲನ ಕೈಗೆ ಗಾಡಿ ಕೊಟ್ರೆ ನೆಮ್ದಿ ಕಣ್ರಪ್ಪ" ಎಂದು ಲಾರಿ ಡ್ರೈವರುಗಳು ಹೇಳುತ್ತಿದ್ದರು.

ಎಪ್ಪತ್ತೈದರ ಬೇಸಿಗೆಯಲ್ಲಿ ಹೊಸದುರ್ಗದ ಗಣಿ ಸಾಹುಕಾರ ಕಾಟಲಿಂಗಪ್ಪ ಒಂದು ಗಾಡಿ ತಂದ. ಇಬ್ಬರೇ ಕೂರುವ, ತಲೆಯ ಮೇಲೆ ಸೂರಿಲ್ಲದ, ನೆಲಕ್ಕೆ ಅಂಟಿಕೊಂಡಂತೆ ಓಡುವ ಕೆಂಪು ಇಂಗ್ಲಿಷ್ ಕಾರು. ಮಂಗಳೂರಿನ ಯಾವನೋ ದೊರೆಯಿಂದ ಕೊಂಡದ್ದು. ಕಡಲ ಗಾಳಿಯೂ ಮಳೆಯೂ ಸೇರಿ ಅದರ ತಳವನ್ನು ತಿಂದುಹಾಕಿದ್ದವು. ಚಾಪೆ ಎತ್ತಿದರೆ ಕೆಳಗೆ ಹಿರಿಯೂರಿನ ಮಣ್ಣು ಕಾಣುತ್ತಿತ್ತು. ಮಳೆ ಕಬ್ಬಿಣವನ್ನೂ ತಿನ್ನುತ್ತದೆ ಎಂದರೆ ನಮ್ಮ ಸೀಮೆಯಲ್ಲಿ ನಂಬುವವರು ಕಡಿಮೆ. ಸುತ್ತಲಿನವರೆಲ್ಲ ಬಂದು ಬಗ್ಗಿ ನೋಡಿಹೋದರು.

"ಲೇ ಜುಂಜ, ನನ್ ಮಗಳು ಸರ್ವಮಂಗಳ ಹಸುಗೂಸು ಎತ್ಕಂಡು ಬರ್ತಾಳೆ. ರಾಮಗಿರಿ ಸ್ಟೇಷನ್ನಿಂದ ಇದ್ರಾಗೇ ಮನೆಗೆ ಕರ್ಕಂಡು ಹೋಗ್ಬೇಕು. ಕೂಸು ಕುಂತ್ಕಳೋ ಗಾಡಿ ಕಣಪ್ಪ, ನೋಡ್ಕ" ಎಂದ ಕಾಟಲಿಂಗಪ್ಪ.

ಜುಂಜಣ್ಣ ಗಾಲಿ ಬಿಚ್ಚಿ, ಹಿಂದಕ್ಕೂ ಮುಂದಕ್ಕೂ ಕಲ್ಲು ಕೊಟ್ಟು, ಸೀಟು ಕಿತ್ತು, ಚಾಣ ಹಿಡಿದು ಕೂತ. ತುಪ್ಪಟ ಕತ್ತರಿಸಲು ಕೂತವನು ಅರ್ಧ ಬೋಳಿಸಿದ ಕುರಿಯನ್ನು ಬಿಟ್ಟು ಏಳಬಾರದೆಂಬುದು ಅವರಪ್ಪ ಕಲಿಸಿದ್ದ ಒಂದೇ ವಿದ್ಯೆ. ಅದೇ ವರಸೆಯಲ್ಲಿ ಎಡಗಡೆಯ ನೆಲ, ಬಲಗಡೆಯ ನೆಲ, ಬಾಗಿಲ ಕೆಳಗಿನ ಕೊಳೆತ ಪಟ್ಟಿ, ಎಲ್ಲವನ್ನೂ ಒಂದೇ ಕೂರಿಕೆಯಲ್ಲಿ ಕತ್ತರಿಸಿ ತೆಗೆದ. ಎದ್ದು ಬೆವರು ಒರೆಸಿಕೊಂಡು ಬಾಗಿಲು ತಳ್ಳಿದ. ಬಾಗಿಲು ಹಾಕಿಕೊಳ್ಳಲಿಲ್ಲ.

ಇನ್ನೊಂದು ಬಾಗಿಲೂ ಅಷ್ಟೆ. ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿದ. ಕಾರು ನಡು ಮುರಿದ ಮುದುಕಿಯಂತೆ ಮಧ್ಯದಲ್ಲಿ ಜೋತುಬಿದ್ದಿತ್ತು. ಇಷ್ಟು ದಿನ ಇವನು ಕಂಡದ್ದು ಲಾರಿ ಬಸ್ಸುಗಳನ್ನು. ಅವಕ್ಕೆ ಅಡಿಯಲ್ಲಿ ತೊಲೆಯಂಥ ಚಾಸಿ ಇರುತ್ತದೆ, ನೆಲ ಕಿತ್ತರೂ ಅಲ್ಲಾಡುವುದಿಲ್ಲ. ಈ ಸೂರಿಲ್ಲದ ಗಾಡಿಗೆ ನೆಲವೇ ಬೆನ್ನುಮೂಳೆ. ಅದನ್ನೇ ಇವನು ತುಪ್ಪಟದಂತೆ ಬೋಳಿಸಿದ್ದ.

ಜುಂಜಣ್ಣ ಚಾಣವನ್ನು ಮೂಲೆಗೆ ಎಸೆದ. ಅಂಗಡಿ ಮುಚ್ಚಿ ಆಂಧ್ರದ ಕಡೆ ಓಡಿಹೋಗುವುದನ್ನೂ ಯೋಚಿಸಿದ; ಬಸ್ಸಿನಲ್ಲಿ ಒಬ್ಬನೇ ಹೋಗಲು ಹೆದರಿಕೆ. ಹೆಂಡತಿ ಚಿತ್ತಮ್ಮ ಮುದ್ದೆ ತಂದಾಗ ಅವನು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

"ಯಾರಾನ ಹೋದ್ರಾ?" ಎಂದಳು.

"ನಾನೇ ಹೋದೆ ಕಣೆ. ನಡ ಮುರೀತು ಇದ್ರದ್ದು."

ಚಿತ್ತಮ್ಮ ಗಾಡಿಯನ್ನು ಒಂದು ಸುತ್ತು ಹಾಕಿದಳು. "ಹಿಂದೊಂದು ಕಲ್ಲು, ಮುಂದೊಂದು ಕಲ್ಲು ಕೊಟ್ಟು ನಡುವೆ ಬಿಟ್ಟಿದೀಯಲ್ಲ. ಗಬ್ಬದ ಕುರೀನ ಬರೀ ಕಾಲು ಹಿಡಿದು ಎತ್ತಿಯೇನು? ಹೊಟ್ಟೆ ಕೆಳಗೆ ಕೈ ಕೊಡಲ್ವಾ? ಕುರಿ ಕಾಯೋನಾಗಿ ಹುಟ್ಟಿ ಅಷ್ಟೂ ಗೊತ್ತಾಗಲ್ವಾ ನಿಂಗೆ?"

"ಕುರಿ ಕಾಯ್ದಿದ್ರಲ್ವಾ ಗೊತ್ತಾಗಾದು" ಎಂದ ಜುಂಜಣ್ಣ.

ಇಬ್ಬರೂ ಸೇರಿ ನಡುವಿನ ಅಡಿಗೆ ದಿಮ್ಮಿ ಇಟ್ಟು ಜಾಕಿ ಕೊಟ್ಟರು. ಅವನು ಒಂದೊಂದು ತಿರುವು ತಿರುಗಿಸಿದಂತೆ ಅವಳು ಬಾಗಿಲು ತಳ್ಳಿ ನೋಡುವಳು. "ಇನ್ನೂ... ಇನ್ನೊಂದ್ ಚೂರು... ತಡಿ, ತಡಿ!" ಟಕ್ಕೆಂದು ಬಾಗಿಲು ಕೂತಿತು. ಹಾಗೇ ಆಧಾರ ಬಿಡದೆ, ದಪ್ಪ ತಗಡನ್ನು ಏಣು ಬರುವಂತೆ ಬಡಿದು ಬಗ್ಗಿಸಿ, ಅಲ್ಲಲ್ಲಿ ಹೊಲಿಗೆ ಹಾಕಿದಂತೆ ಬೆಸೆದು ಮುಗಿಸಿದ. ಜಾಕಿ ಇಳಿಸಿದರೂ ಬಾಗಿಲು ಹಾಕಿಕೊಂಡಿತು. ಜುಂಜಣ್ಣನ ಎದೆಯ ಭಾರ ಮಾತ್ರ ಇಳಿಯಲಿಲ್ಲ. ನಿಂತಾಗ ಸರಿ, ಗುಂಡಿ ಹಾರಿದಾಗ?

ಕಾಟಲಿಂಗಪ್ಪ ಬಂದವನೇ, "ಹತ್ತು, ಒಂದ್ ರೌಂಡ್ ಹೋಗಾಣ" ಎಂದ. ಹೊಸದುರ್ಗದ ರಸ್ತೆಯಲ್ಲಿ ಗಾಡಿ ಬಾಣದಂತೆ ಹೊರಟಿತು. ಜುಂಜಣ್ಣ ಎರಡೂ ಕೈಯಲ್ಲಿ ಸೀಟು ಹಿಡಿದು, ತಾನೇ ಬೆಸೆದ ತಗಡಿಗೆ ಸೋಕದಂತೆ ಎರಡೂ ಕಾಲನ್ನು ಮೇಲೆತ್ತಿ ಕೂತಿದ್ದ.

"ಯಾಕ್ಲೇ, ಕಾಲು ಎತ್ಕಂಡಿದೀಯ?"

ಏನಿಲ್ಲ ಎನ್ನಬಹುದಿತ್ತು. ಅಷ್ಟರಲ್ಲಿ ತನ್ನ ಕಾಲು ಇರಬೇಕಾದ ಜಾಗದಲ್ಲಿ ಆ ಹೆಣ್ಣುಮಗಳ ಕಾಲು, ಅವಳ ಮಡಿಲಲ್ಲಿ ಕೂಸು, ಅಡಿಯಲ್ಲಿ ಓಡುವ ಜಲ್ಲಿ ಕಂಡಿತು. ಸಾಹುಕಾರನ ಭಯಕ್ಕಿಂತ ಈ ಭಯ ದೊಡ್ಡದಾಯಿತು. "ಗಾಡಿ ನಿಲ್ಲಿಸ್ರಿ ಸಾವ್ಕಾರ್ರೆ" ಎಂದವನೇ ನಡು ಜೋತುಬಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದ.

ಕಾಟಲಿಂಗಪ್ಪ ಗಾಡಿ ನಿಲ್ಲಿಸಿದ. ಅವನ ಮುಖವೂ ಬಿಳಿಚಿತ್ತು. "ನೀನು ಕಾಲು ಎತ್ಕಂಡೆ. ನಂಗೆ ಪೆಡಲ್ ಅವಲ್ಲೋ, ನಾನೇನ್ ಮಾಡ್ಲಿ?" ಎಂದವನು, ಕೆಳಗಿಳಿದು ರಸ್ತೆಯ ಮೇಲೆ ಮೊಣಕಾಲೂರಿ ಗಾಡಿಯ ಅಡಿಗೆ ಬಗ್ಗಿದ. "ಊರು ಕಾಲು."

ಜುಂಜಣ್ಣ ಒಂದು ಕಾಲು ಊರಿದ. ಆಮೇಲೆ ಇನ್ನೊಂದು.

"ಎದ್ ನಿಂತ್ಕ. ಕುಣಿ."

ಸೂರಿಲ್ಲದ ಗಾಡಿಯಲ್ಲಿ ಜುಂಜಣ್ಣ ಕಣ್ಣು ಮುಚ್ಚಿಕೊಂಡು ಕುಣಿದ. ಶೇಂಗಾ ಗಾಡಿಯೊಂದು ಎತ್ತು ನಿಲ್ಲಿಸಿಕೊಂಡು ಇದನ್ನು ನೋಡಿತು. ತಗಡು ದಮ್ಮೆಂದಿತೇ ಹೊರತು ಎಲ್ಲೂ ಬಿಡಲಿಲ್ಲ.

ಕಾಟಲಿಂಗಪ್ಪ ಪಂಚೆ ಕೊಡವಿಕೊಂಡ. "ನಾಳೆ ರಾಮಗಿರಿ ತನಕ ನೀನೇ ಈ ಸೀಟಲ್ಲಿ ಬರ್ಬೇಕು, ಕಾಲು ಊರಿ. ಅಲ್ಲಿಗೆ ಬದುಕಿದ್ರೆ ವಾಪಸ್ಸು ನನ್ ಮಗಳು ಕುಂತ್ಕತಾಳೆ. ನೀನು ರೈಲು ಹತ್ಕಂಡು ಹೋಗಿ ಮುಂದೆ ಬಸ್ಸು ಹಿಡಿ."

ಮರುದಿನ ಗುಂಡಿಗುಂಡಿಗೂ ಮನೆದೇವರನ್ನು ಕರೆಯುತ್ತ ಜುಂಜಣ್ಣ ರಾಮಗಿರಿ ಮುಟ್ಟಿದ. ಸರ್ವಮಂಗಳ ಕೂಸನ್ನು ಅವುಚಿಕೊಂಡು ಕೂತಳು. ಬಾಗಿಲು ಒಂದೇ ಸಲಕ್ಕೆ ಟಕ್ಕೆಂದಿತು. ಗಾಡಿ ಹೋಗುತ್ತಿದ್ದಂತೆ ಜುಂಜಣ್ಣ ರಸ್ತೆಯಲ್ಲೇ ಕುಕ್ಕರಿಸಿ, ಧೂಳಿನೊಳಗೆ ಅದರ ಅಡಿಯನ್ನು ಕಾಣುವಷ್ಟು ದೂರ ನೋಡಿದ. ಅದು ಸೆಟೆದ ಬೆನ್ನಿನಿಂದ ತಿರುವು ದಾಟಿತು.

ಚಿಕ್ಕಜಾಜೂರಿನ ರೈಲು ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಜುಂಜಣ್ಣ ಒಂದು ಸಲ ಡಬ್ಬಿಯ ನೆಲವನ್ನು ನೋಡಿದ. ಅದನ್ನು ಯಾವ ಪುಣ್ಯಾತ್ಮ ಬೆಸೆದಿದ್ದನೋ. ಚಪ್ಪಲಿ ಕೆಳಗೆ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಕೂತ.